ಕಾಲಿಲ್ಲದ ಡ್ರೋನ್

ಸಮೀವುಲ್ಲಾ ಆ ಡ್ರೋನನ್ನು ಜೋಳದ ಚೀಲದಲ್ಲಿ ಹಾಕಿಕೊಂಡು ತಂದ. ಲಕ್ಷ್ಮೇಶ್ವರದ ಒಬ್ಬ ಫೋಟೋಗ್ರಾಫರ್ ಯಾವುದೋ ಮದುವೆಯಲ್ಲಿ ಅದನ್ನು ಹುಣಸೆಮರಕ್ಕೆ ಡಿಕ್ಕಿ ಹೊಡೆಸಿದ್ದನಂತೆ. ಆಮೇಲೆ ಅದರ ಮುಖ ನೋಡಲು ಮನಸ್ಸಾಗದೆ ಮೂಲೆಗೆ ಒಗೆದಿದ್ದನಂತೆ. ನಾಲ್ಕು ತೋಳುಗಳಲ್ಲಿ ಒಂದು ಮುರಿದಿತ್ತು. ಕ್ಯಾಮೆರಾ ಒಂದು ಚಪ್ಪಟೆ ತಂತಿಯಿಂದ ಜೋತಾಡುತ್ತಿತ್ತು. ನೆಲಕ್ಕೆ ಊರಲು ಕೆಳಗಿರಬೇಕಾದ ಕಾಲುಗಳು ಇರಲೇ ಇಲ್ಲ.

“ಇದೇನೋ ಸಮೀ, ಸತ್ತ ಹದ್ದು ತಂದಿಯೇನು?” ಎಂದೆ.

“ಸತ್ತಿಲ್ರಿ ಅಕ್ಕೋರ, ಎಚ್ಚರ ತಪ್ಪೇತಿ ಅಷ್ಟ. ಎಬ್ಬಸ್ತೀವಿ,” ಎಂದು ನಕ್ಕ.

‘ಎಬ್ಬಸ್ತೀವಿ’ ಎಂದನಲ್ಲ, ಅದರಲ್ಲಿ ಅವನ ತಂದೆ ಖಾಸಿಂಸಾಬರೂ ಸೇರಿದ್ದರು. ಬೆಟಗೇರಿಯ ನಮ್ಮ ಮನೆಯಲ್ಲಿ ರಸ್ತೆಗೆ ಬಾಗಿಲಿರುವ ಮುಂಗೋಣೆ ಬಹಳ ವರ್ಷಗಳಿಂದ ಅವರ ಕೈಯಲ್ಲಿದೆ. ಮೊದಲು ಅಲ್ಲಿ ಖಾಸಿಂಸಾಬರು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ಈಗ ಅದೇ ಕೋಣೆಯಲ್ಲಿ ಮಗನ ಫೋಟೋ ಅಂಗಡಿ. ನಾನು ಶಾಲೆಯಲ್ಲಿ ಕಲಿಸುತ್ತಿದ್ದ ಕಾಲದಿಂದ ಅಪ್ಪ ಮಗ ಇಬ್ಬರೂ ನನ್ನನ್ನು ಅಕ್ಕೋರ ಎಂದೇ ಕರೆಯುತ್ತಾರೆ. ಅವರ ಮನೆ ಇದೇ ಓಣಿಯಲ್ಲಿ, ಮಗ್ಗಗಳ ಸದ್ದು ದಾಟಿದರೆ ಸಿಗುತ್ತದೆ.

ಖಾಸಿಂಸಾಬರಿಗೆ ಮರೆವು ಶುರುವಾಗಿತ್ತು. ಮೊದಲು ಗಿರಾಕಿಗಳ ಹೆಸರು ಹೋದವು, ಆಮೇಲೆ ದಿನಗಳು. ಸೊಸೆ ಸಾಯಿಮಾಳನ್ನು ಅವರು ತೀರಿಕೊಂಡ ಹೆಂಡತಿಯ ಹೆಸರಿನಿಂದ ಕರೆಯುತ್ತಿದ್ದರು. “ನಜಮಾ, ಚಾ ಆತೇನು?” ಎಂದರೆ ಸಾಯಿಮಾ ಒಳಗಿಂದ, “ಆತ್ರಿ, ಚಾ ತಂದೆ,” ಎಂದು ಓಗೊಡುತ್ತಿದ್ದಳು. ಸಮೀವುಲ್ಲಾನಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. ಅವನಿಗೆ ಮೊದಲಿನಿಂದಲೂ ಇದ್ದದ್ದನ್ನು ಇದ್ದಹಾಗೆ ಹೇಳಬೇಕು. ಒಂದು ದಿನ ನನ್ನೆದುರಿಗೇ, “ಅಬ್ಬಾ, ಅಕಿ ಸಾಯಿಮಾ. ಅಮ್ಮಿ ಹೋಗಿ ಭಾಳ ವರ್ಷಾತು,” ಎಂದುಬಿಟ್ಟ. ಖಾಸಿಂಸಾಬರು ಅವನ ಮುಖವನ್ನೇ ನೋಡುತ್ತ, “ಯಾವಾಗ? ನನಗ ಯಾಕ ಯಾರೂ ಹೇಳಲಿಲ್ಲ?” ಎಂದರು. ಚಹಾದ ಬಟ್ಟಲು ಕೆಳಗಿಟ್ಟು ಅತ್ತರು.

ಅವತ್ತು ಸಾಯಿಮಾ ಗಂಡನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದಳು. ನನಗೆ ಕಿಟಕಿಯಿಂದ ಕೇಳಿಸಿತು.

“ಖರೆ ಹೇಳಿ ಏನ ಗಳಿಸಿದಿರಿ? ದಿನಾ ಒಮ್ಮಿ ಅವರ ಕೈಲೆ ಹೆಂಡ್ತಿನ್ನ ಮಣ್ಣ ಮಾಡಸ್ತೀರಲ್ಲ, ಇದು ನಿಮಗ ಛಲೋ ಅನಸ್ತದ?”

“ಸುಳ್ಳ ಹೇಳೂದು ಹೆಂಗ?”

“ನಾ ಏನ ಸುಳ್ಳ ಹೇಳೀನಿ? ಚಾ ತಂದೆ ಅಂದೆ, ಚಾ ತಂದೀನಿ.”

ಅವನು ತಲೆ ತಗ್ಗಿಸಿ ಒಳಗೆ ಹೋದ. ಆದರೆ ಆಮೇಲೂ ಒಮ್ಮೊಮ್ಮೆ ಬಾಯಿ ತಪ್ಪಿ ತಿದ್ದುತ್ತಿದ್ದ, ಖಾಸಿಂಸಾಬರು ಮತ್ತೆ ಅಳುತ್ತಿದ್ದರು.

ಇಂಥ ಮನೆಗೆ ಆ ಮುರುಕು ಡ್ರೋನ್ ಬಂತು. ಅದು ಬಂದ ಮೇಲೆ ಖಾಸಿಂಸಾಬರು ಅತ್ತದ್ದನ್ನು ನಾನು ನೋಡಲಿಲ್ಲ.

ಹೆಸರು ಮರೆತರೂ ಅವರ ಕೈ ಏನೂ ಮರೆತಿರಲಿಲ್ಲ. ಸಮೀವುಲ್ಲಾ ಹುಬ್ಬಳ್ಳಿಯಿಂದ ಅದೇ ಜಾತಿಯ ಇನ್ನೊಂದು ಕೆಟ್ಟ ಡ್ರೋನ್ ತಂದ. ಅದರ ತೋಳನ್ನು ಬಿಚ್ಚಿ ಇದಕ್ಕೆ ಕೂಡಿಸಿದ. ಮೋಟಾರಿನ ಎಳೆಗಳಿಗೆ ಬೆಸುಗೆ ಹಾಕುವ ಹೊತ್ತಿಗೆ ಸೋಲ್ಡರಿಂಗ್ ಕಡ್ಡಿಯನ್ನು ಅಪ್ಪನ ಕೈಗೆ ಕೊಟ್ಟ. ಚಹಾದ ಬಟ್ಟಲು ಹಿಡಿದರೆ ನಡುಗುವ ಕೈ, ಆ ಕಡ್ಡಿ ಹಿಡಿದ ಕೂಡಲೇ ನಿಂತುಬಿಟ್ಟಿತು. ಅವರು ಒಂದೊಂದು ಎಳೆಯನ್ನೂ ಹಚ್ಚಿ, ಬಾಗಿ ಅದರ ಮೇಲೆ ಮೆಲ್ಲಗೆ ಊದುತ್ತಿದ್ದರು, ಹಿಂದೆ ರೇಡಿಯೋಗಳಿಗೆ ಊದುತ್ತಿದ್ದಂತೆ.

“ಇದು ಯಾವ ಸ್ಟೇಶನ್ ಹಿಡೀತೈತ್ಲೇ?” ಎಂದು ಮಗನನ್ನು ಕೇಳಿದರು.

“ಸ್ಟೇಶನ್ ಇಲ್ರಿ ಅಬ್ಬಾ. ಹಾರತೈತಿ. ಮ್ಯಾಲಿಂದ ಪಿಚ್ಚರ್ ತಗೀತೈತಿ.”

“ಹಾಡೂದಿಲ್ಲಾ?”

“ಹೂಂಗುಡತೈತ್ರಿ ಅಷ್ಟ.”

“ಹಂಗಾರ ನಿನ್ನಕ್ಕಿಂತ ವಾಸಿ. ನೀ ಅದನ್ನೂ ಮಾಡೂದಿಲ್ಲ,” ಎಂದರು. ಸಮೀವುಲ್ಲಾ ಎಷ್ಟು ನಕ್ಕನೆಂದರೆ ಓಣಿಯಲ್ಲಿ ಹೋಗುತ್ತಿದ್ದವರು ಬಾಗಿ ನೋಡಿದರು.

ಎರಡು ಕುಂದು ಮಾತ್ರ ಉಳಿದವು. ಕ್ಯಾಮೆರಾವನ್ನು ಮೇಲೆ ಕೆಳಗೆ ಆಡಿಸುವ ಪುಟ್ಟ ಮೋಟಾರು ಸುಟ್ಟುಹೋಗಿತ್ತು. ಹೊಸದು ಬರುವ ತನಕ ಕ್ಯಾಮೆರಾ ನೆಟ್ಟಗೆ ನೆಲವನ್ನಷ್ಟೇ ನೋಡುತ್ತಿತ್ತು, ಎದುರಿಗೆ ನೋಡಲು ಬರುತ್ತಿರಲಿಲ್ಲ. “ಕೊರಿಯರ್‌ನ್ಯಾಗ ಐತ್ರಿ, ಇವತ್ತಲ್ಲ ನಾಳೆ ಬರತೈತಿ,” ಎಂದು ಸಮೀವುಲ್ಲಾ ದಿನವೂ ಹೇಳುತ್ತಿದ್ದ. ಇನ್ನೊಂದು ಕುಂದು ಕಾಲುಗಳದ್ದು. ಕಾಲಿಲ್ಲದ್ದರಿಂದ ಕ್ಯಾಮೆರಾವೇ ಎಲ್ಲಕ್ಕಿಂತ ಕೆಳಗೆ ತೂಗುತ್ತಿತ್ತು. ಏರಿಸುವಾಗ ಎರಡು ಇಟ್ಟಿಗೆಗಳ ಮೇಲಿಟ್ಟು ಏರಿಸಬಹುದು. ಇಳಿಸುವಾಗ ನೆಲಕ್ಕೆ ಇಳಿಸಿದರೆ ಕ್ಯಾಮೆರಾ ಜಜ್ಜಿಹೋಗುತ್ತದೆ. ಯಾರಾದರೂ ಅದನ್ನು ಗಾಳಿಯಲ್ಲೇ ಕೈಯಲ್ಲಿ ಹಿಡಿದುಕೊಳ್ಳಬೇಕು.

ಆ ಕೆಲಸವನ್ನು ಅಪ್ಪನಿಗೆ ಕೊಟ್ಟ. ಸಂಜೆ ಅವರಿಬ್ಬರೂ ನಾಗಾವಿಯ ಕಡೆ ಬಯಲಿಗೆ ಹೋಗುತ್ತಿದ್ದರು. ಓಣಿಯ ತಂತಿಗಳ ನಡುವೆ ಅದನ್ನು ಹಾರಿಸುವಂತಿರಲಿಲ್ಲ. ಒಂದೆರಡು ಸಲ ಸಾಯಿಮಾಳ ಜೊತೆ ನಾನೂ ಹೋಗಿದ್ದೆ. ಖಾಸಿಂಸಾಬರು ಎರಡೂ ಕೈಗಳನ್ನು ಅಗಲಕ್ಕೆ ಚಾಚಿ, ಮುಖ ಮೇಲೆತ್ತಿ ನಿಲ್ಲುತ್ತಿದ್ದರು. ಮಗ ರಿಮೋಟಿನ ಪರದೆಯಲ್ಲಿ ಆ ಎರಡು ಕೈಗಳ ಗುರುತು ಹಿಡಿದು ಡ್ರೋನನ್ನು ನಡುವೆ ಇಳಿಸುತ್ತಿದ್ದ. ತಲೆಯ ಮೇಲಕ್ಕೆ ಬಂದಾಗ ಅವರು ಕೈ ಕೂಡಿಸಿ ಕೆಳಗಿನಿಂದ ಹಿಡಿಯಬೇಕು.

“ಅಲುಗಾಡಬ್ಯಾಡ್ರಿ ಅಬ್ಬಾ! ಕಂಬದ್ಹಂಗ ನಿಂದರ್ರಿ!” ಎಂದು ಸಮೀವುಲ್ಲಾ ಕೂಗುತ್ತಿದ್ದ.

“ಕಂಬಕ್ಕ ಮೂಗ ತುರಸೂದಿಲ್ಲೋ ಮಗನ, ನನಗ ತುರಸತೈತಿ!”

ಆದರೂ ಅವರು ಅಲುಗುತ್ತಿರಲಿಲ್ಲ. ಡ್ರೋನ್ ಕೈಗೆ ಬಂದ ಮೇಲೆ ಅದನ್ನು ಎದೆಗವಚಿಕೊಂಡು, ತಾವು ಹಾಕಿದ ಬೆಸುಗೆ ಬಿಟ್ಟಿಲ್ಲವೆಂದು ಬೆರಳಾಡಿಸಿ ನೋಡಿ, ಆಮೇಲೆ ಮಗನಿಗೆ ಕೊಡುತ್ತಿದ್ದರು. ಸ್ವಲ್ಪ ದಿನಗಳಲ್ಲಿ ಅದು ಎಷ್ಟು ರೂಢಿಯಾಯಿತೆಂದರೆ, ಡ್ರೋನಿನ ಸದ್ದು ಕೇಳಿದರೆ ಸಾಕು, ಅವರು ಎದ್ದು ಕೈ ಚಾಚಿ ನಿಲ್ಲುತ್ತಿದ್ದರು. ತಾನು ಯಾರು, ಎಲ್ಲಿದ್ದೇನೆ ಎಂಬುದು ತಿಳಿಯದ ದಿನವೂ ಅದೊಂದು ತಿಳಿಯುತ್ತಿತ್ತು.

ಜನವರಿಯಲ್ಲಿ ಡಂಬಳದಲ್ಲಿ ಒಂದು ಕೆಲಸ ಬಂತು. ಮದುವೆ ಗೊತ್ತಾದ ಜೋಡಿಯೊಂದು ಕೆರೆಯ ದಂಡೆಯ ಮೇಲೆ ನಡೆದಾಡುವುದನ್ನು ಮೇಲಿಂದ ಚಿತ್ರ ತೆಗೆಯಬೇಕು. ಕ್ಯಾಮೆರಾ ಕೆಳಗಷ್ಟೇ ನೋಡಿದರೂ ನಡೆಯುತ್ತದೆ ಎಂದರು. ಸಮೀವುಲ್ಲಾ ಅಪ್ಪನನ್ನೂ ಕರೆದುಕೊಂಡು ಹೋದ. ಇಳಿಸಲು ಅವರು ಬೇಕಿತ್ತು. ಅವರನ್ನು ಬಿಟ್ಟು ಡ್ರೋನ್ ಒಯ್ದರೆ ಅವರು ಇಡೀ ದಿನ ಬಾಗಿಲಲ್ಲಿ ನಿಲ್ಲುತ್ತಿದ್ದರು ಎಂಬುದೂ ಇತ್ತು. ಸಾಯಿಮಾ ಮಾವನಿಗೆ ಬಿಳಿ ಅಂಗಿ ಹಾಕಿ, ಬಿಳಿ ಟೋಪಿ ಇಟ್ಟು, ಜೇಬಿನಲ್ಲಿ ಎರಡು ಬಾಳೆಹಣ್ಣು ತುರುಕಿದಳು. “ನಜಮಾ, ಜಲ್ದಿ ಬರ್ತೀನಿ,” ಎಂದರು. “ಹೂಂನ್ರಿ, ದಾರಿ ನೋಡ್ತೀನಿ,” ಎಂದಳು.

ಡ್ರೋನ್ ಹಾರಿಸುವವನು ಸುತ್ತ ನೋಡುವುದಿಲ್ಲ, ಪರದೆ ನೋಡುತ್ತಾನೆ. ಸಮೀವುಲ್ಲಾ ಅಪ್ಪನನ್ನು ಬೇವಿನ ಮರದ ನೆರಳಲ್ಲಿ ಕೂಡಿಸಿ ಕೆಲಸಕ್ಕೆ ನಿಂತ. ಹುಡುಗ ಹುಡುಗಿ ಹೂವಿನ ಗೊಂಚಲು ಹಿಡಿದು ದಂಡೆಯುದ್ದಕ್ಕೂ ನಡೆದರು. ಡ್ರೋನ್ ಅವರನ್ನು ಬಿಟ್ಟು ಕೆರೆಯ ಆಚೆಗೂ ಒಂದು ಸುತ್ತು ಹೋಗಿ ಬಂತು. ಇಳಿಸಬೇಕೆಂದು ತಿರುಗಿದರೆ ಬೇವಿನ ಕೆಳಗೆ ಎರಡು ಬಾಳೆಹಣ್ಣಿನ ಸಿಪ್ಪೆ ಇದ್ದವು, ಅಪ್ಪ ಇರಲಿಲ್ಲ. ಆ ಹುಡುಗನೇ ಕೈ ಚಾಚಿ ಡ್ರೋನ್ ಹಿಡಿದುಕೊಂಡ. ಹೊಸ ಬಟ್ಟೆಗೆ ಕೆಸರು ಹತ್ತಿದರೂ ಒಂದು ಮಾತಾಡದೆ ಅವನೂ ಹುಡುಗಿಯೂ ಕತ್ತಲಾಗುವ ತನಕ ಹುಡುಕಿದರು ಎಂದು ಸಮೀವುಲ್ಲಾ ಆಮೇಲೆ ಹೇಳಿದ.

ಚಿತ್ರೀಕರಣವನ್ನು ಹಿಂದಕ್ಕೆ ಓಡಿಸಿ ನೋಡಿದರು. ಜೋಡಿ ನಗುತ್ತಿರುವ ಚಿತ್ರದ ಮೂಲೆಯಲ್ಲಿ ಒಂದು ಬಿಳಿ ಟೋಪಿ ಕಾಣಿಸಿತು. ಡ್ರೋನ್ ಹೋದ ಕಡೆಗೇ, ಕೆರೆಯ ಅಂಚಿನ ಕೆಸರಿನಲ್ಲಿ ಕಾಲಿಡುತ್ತ ಹೋಗಿ ಚೌಕಟ್ಟಿನಿಂದ ಆಚೆಗಾಯಿತು. ಅವರು ಡ್ರೋನನ್ನು ಹಿಡಿಯಲು ಹೊರಟಿದ್ದರು. ಹಾರಿದ್ದು ತಿರುಗಿ ಬರುತ್ತದೆ ಎಂಬುದನ್ನು ಅವತ್ತು ಮರೆತಿದ್ದರು.

ಮರುದಿನ ಬೆಳಿಗ್ಗೆ ನಾನೂ ಸಾಯಿಮಾಳೂ ಡಂಬಳಕ್ಕೆ ಹೋದೆವು. ರಾತ್ರಿಯೆಲ್ಲ ಊರವರು ಟಾರ್ಚ್ ಹಿಡಿದು ಹುಡುಕಿದ್ದರು. ಮುಂಡರಗಿ ಠಾಣೆಗೂ ತಿಳಿಸಿಯಾಗಿತ್ತು. ಥಂಡಿ ಬಹಳ ಬಿದ್ದಿತ್ತು. ಸಮೀವುಲ್ಲಾ ನಿದ್ದೆಗೆಟ್ಟು, ಕೆಸರು ಮೆತ್ತಿದ ಪ್ಯಾಂಟಿನಲ್ಲೇ ಡ್ರೋನಿನ ಬ್ಯಾಟರಿಗೆ ಯಾರದೋ ಮನೆಯಲ್ಲಿ ಚಾರ್ಜ್ ಹಾಕಿಕೊಂಡು ಕೂತಿದ್ದ. ಇದ್ದದ್ದು ಒಂದೇ ಬ್ಯಾಟರಿ, ಅದೂ ಹೊಟ್ಟೆ ಉಬ್ಬಿದ ಹಳೆಯದು. ಆ ಮನೆಯಾಕೆ ಅವನ ಮುಂದೆ ರೊಟ್ಟಿ ಇಟ್ಟು, ತಿನ್ನು ಎಂದು ಒತ್ತಾಯ ಮಾಡದೆ, ಮುರಿದು ತುತ್ತು ಮಾಡಿ ಇಟ್ಟು ಹೋದಳು. ಅವನು ಪರದೆ ನೋಡುತ್ತಲೇ ತಿಂದ.

ಕೆರೆಯ ಆಚೆಗಿನ ಹೊಲಗಳ ಪರಿಚಯವಿರುವವರು ಬೇಕೆಂದಾಗ ಬೀರಲಿಂಗಪ್ಪ ಬಂದರು. ಅರವತ್ತರ ಆಸುಪಾಸಿನ ರೈತರು. ಹಿಂದಿನ ಸಂಜೆಯಿಂದ ಸ್ವಂತ ಕೆಲಸ ಬಿಟ್ಟು ಹುಡುಕುತ್ತಿದ್ದವರಲ್ಲಿ ಅವರೂ ಒಬ್ಬರು. ಗಂಟಲು ಕೂಗಿ ಕೂಗಿ ಕಟ್ಟಿತ್ತು.

“ತಮ್ಮಾ, ನೀ ಇದನ್ನ ಹಾರಸು. ಯಾವ ಹೊಲ ಯಾರದು ಅಂತ ನಾ ಹೇಳ್ತೀನಿ,” ಎಂದರು.

ಬಿಸಿಲು ಏರಿತ್ತು. ಪರದೆಯ ಮೇಲೆ ಬಿಸಿಲು ಬಿದ್ದು ಏನೂ ಕಾಣುತ್ತಿರಲಿಲ್ಲ. ನಾನು ಸೆರಗನ್ನು ಎರಡೂ ಕೈಯಿಂದ ಹಿಡಿದು ನೆರಳು ಮಾಡಿದೆ. ಸಾಯಿಮಾ, “ಎಲ್ಲಾ ರೆಕಾರ್ಡ್ ಆಗ್ಲಿ, ಆಮ್ಯಾಲೆ ದೊಡ್ಡ ಪರದೆದಾಗ ನೋಡೂಣು,” ಎಂದಳು. ನಾಲ್ಕು ತಲೆಗಳು ಆ ಅಂಗೈಯಗಲದ ಗಾಜಿನ ಮೇಲೆ ಬಾಗಿದವು.

ಕರಿ ಹೊಲಗಳು ಸರಿದವು. ಜೋಳ, ಕುಸುಬೆ, ಕಡಲೆ. ಮೇಲಿಂದ ನೋಡಿದರೆ ಎಲ್ಲವೂ ಹಾಸಿದ ಕೌದಿಯ ತುಂಡುಗಳಂತಿದ್ದವು. ಹಳ್ಳದ ಆಚೆ ಒಂದು ಕಡಲೆ ಹೊಲದ ಮೇಲೆ ಬಂದಾಗ ಸಮೀವುಲ್ಲಾ ಡ್ರೋನನ್ನು ನಿಲ್ಲಿಸಿದ. ಗಿಡಗಳ ಮೇಲೆ ಏನೋ ಬಿಳಿ ಬಟ್ಟೆ ಹಾಸಿದ್ದು ಕಂಡಿತು. ಅದರಿಂದ ಸ್ವಲ್ಪ ದೂರದಲ್ಲಿ ಒಂದು ಆಕಾರ ನಿಂತಿತ್ತು. ಬಿಳಿ ದುಂಡನೆಯ ತಲೆ, ಎರಡೂ ಕಡೆ ಚಾಚಿದ ತೋಳು.

“ಅಲ್ಲೇನದು?” ಎಂದ. ಅವನ ದನಿ ಏರಿತ್ತು.

ಬೀರಲಿಂಗಪ್ಪ ಬಾಗಿ ನೋಡಿದರು. “ಅದು ನಮ್ಮ ಹೊಲಾನ ತಮ್ಮಾ. ಚಿಗರಿ ಬಂದು ಕಡಲಿ ತಿಂತಾವು ಅಂತ ಬೆದರುಗೊಂಬಿ ನಿಲ್ಲಿಸೀನಿ. ಮಡಿಕಿಗೆ ಸುಣ್ಣ ಬಳದು ಇಟ್ಟೀನಿ ನೋಡು, ಅದ ಬೆಳ್ಳಗ ಕಾಣಸ್ತೈತಿ.”

“ಅಂಗಿ…”

“ಅಂಗಿ ನಂದ. ಕೆಂಪ ಚೌಕಡಿ ಅಂಗಿ. ನಾನ ತೊಡಿಸೀನಿ, ನನಗ ಗುರ್ತ ಸಿಗೂದಿಲ್ಲೇನು?”

ನಿಜಕ್ಕೂ ಅಂಗಿ ಕೆಂಪಾಗಿತ್ತು. ಖಾಸಿಂಸಾಬರು ಹೋದದ್ದು ಬಿಳಿ ಅಂಗಿಯಲ್ಲಿ.

“ಆ ಬಿಳಿ ಬಟ್ಟಿ?” ಎಂದಳು ಸಾಯಿಮಾ.

“ನಮ್ಮಾಕಿ ಹುಳಿ ಹಿಡ್ಯಾಕ ಹಾಸಿರಬೇಕವ್ವಾ.” ಕಡಲೆ ಗಿಡದ ಮೇಲೆ ರಾತ್ರಿ ತೆಳು ಬಟ್ಟೆ ಹಾಸಿ, ಇಬ್ಬನಿಯಲ್ಲಿ ನೆನೆದ ಹುಳಿಯನ್ನು ಬೆಳಿಗ್ಗೆ ಹಿಂಡಿಕೊಳ್ಳುವುದು ಈ ಕಡೆ ಎಲ್ಲರಿಗೂ ಗೊತ್ತು. ಹೊಟ್ಟೆನೋವಿಗೆ ನಮ್ಮ ಮನೆಯಲ್ಲೂ ಸೀಸೆಯಲ್ಲಿ ಇಟ್ಟಿರುತ್ತೇವೆ. ಯಾರಿಗೂ ಸಂಶಯ ಬರಲಿಲ್ಲ. ನನಗೂ ಬರಲಿಲ್ಲ.

ಸಮೀವುಲ್ಲಾ ಮಾತ್ರ ಸ್ವಲ್ಪ ಹೊತ್ತು ಡ್ರೋನನ್ನು ಅಲ್ಲೇ ನಿಲ್ಲಿಸಿಕೊಂಡ. “ಒಂಚೂರು ಕೆಳಗ ಇಳಿಸಿ ನೋಡ್ಲ್ಯಾ?” ಎಂದು ತನ್ನಷ್ಟಕ್ಕೆ ಅಂದ.

“ಅಲ್ಲಿ ಪಂಪಿನ ಕರೆಂಟ್ ತಂತಿ ಅದಾವ ತಮ್ಮಾ, ಸಿಕ್ಕೊಂಡೀತು,” ಎಂದರು ಬೀರಲಿಂಗಪ್ಪ. ಅಷ್ಟರಲ್ಲಿ ರಿಮೋಟು ಕೂಗತೊಡಗಿತು. ಬ್ಯಾಟರಿ ಇಳಿಯುತ್ತಿತ್ತು. ಎದುರಿಗೆ ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಹಿಂದಿನ ದಿನ ಬರುವಾಗ ಬಸ್ಸಿನಲ್ಲಿ ಅವುಗಳನ್ನು ತೋರಿಸಿ ಅಪ್ಪ, “ಎಷ್ಟ ದೊಡ್ಡ ಫ್ಯಾನಲೇ, ಯಾರಿಗೆ ಇಷ್ಟ ಸೆಕಿ ಆಗೇತಿ?” ಎಂದು ಕೇಳಿದ್ದನ್ನು ಸಮೀವುಲ್ಲಾ ರಾತ್ರಿಯಿಂದ ನೆನೆಯುತ್ತಿದ್ದ. ಉಳಿದ ಬ್ಯಾಟರಿಯಲ್ಲಿ ಗುಡ್ಡದ ಬುಡವನ್ನಾದರೂ ನೋಡೋಣವೆಂದು ಡ್ರೋನನ್ನು ಅತ್ತ ತಿರುಗಿಸಿದ. ನಾವೆಲ್ಲ ತಲೆ ಎತ್ತಿ ಗುಡ್ಡ ನೋಡಿದೆವು. ಅವನು ಬ್ಯಾಟರಿಯ ಅಂಕಿ ನೋಡುತ್ತಿದ್ದ.

ಗುಡ್ಡದ ಬುಡದಲ್ಲಿ ಕುರಿಗಳು ಕಂಡವು, ಕುರಿ ಕಾಯುವವರು ಕಂಡರು. ಅಪ್ಪ ಕಾಣಲಿಲ್ಲ. ಡ್ರೋನನ್ನು ತಿರುಗಿಸಿ ತಂದಾಗ ಬೀರಲಿಂಗಪ್ಪನವರೇ ಕೈ ಚಾಚಿ ಹಿಡಿದುಕೊಂಡರು. ಅವರಿಗೆ ಅದು ಹೊಸದು, ಹೆದರಿಕೆಯಾಗಿ ಕಣ್ಣು ಮುಚ್ಚಿಕೊಂಡೇ ಹಿಡಿದರು. ಆಮೇಲೆ ಜನವೆಲ್ಲ ಗುಡ್ಡದ ಕಡೆಗೇ ಹೋಯಿತು. ಸಂಜೆಯ ತನಕ ಅಲ್ಲಿಯ ಒಂದೊಂದು ಪೊದೆ ನೋಡಿದರು. ಸಮೀವುಲ್ಲಾ ಕತ್ತಲಾದ ಮೇಲೂ ಇಳಿದು ಬರಲಿಲ್ಲ. ರೆಕಾರ್ಡ್ ಆದದ್ದನ್ನು ನೋಡಲು ಬೇಕಾದ ಕಂಪ್ಯೂಟರ್ ಬೆಟಗೇರಿಯ ಅಂಗಡಿಯಲ್ಲಿತ್ತು. ಅದು ಆ ದಿನ ಯಾರ ನೆನಪಿಗೂ ಬರಲಿಲ್ಲ.

ಮರುದಿನ ನಸುಕಿನಲ್ಲಿ ಬೀರಲಿಂಗಪ್ಪನವರ ಹೆಂಡತಿ ಅಮೃತವ್ವ ಹಸಿ ಕಡಲೆ ಕಿತ್ತು ತರಲು ಹೊಲಕ್ಕೆ ಹೋದರು. ಹುಡುಕಲು ಬಂದ ಜನಕ್ಕೆ ಏನಾದರೂ ತಿನ್ನಲು ಕೊಡಬೇಕೆಂದು ಹೊರಟಿದ್ದರಂತೆ. ಅವರಿಗೆ ಖಾಸಿಂಸಾಬರು ಸಿಕ್ಕರು.

ಬದುವಿಗೆ ಒರಗಿ ಕುಳಿತಿದ್ದರು. ಕೆಂಪು ಚೌಕಡಿ ಅಂಗಿಯ ಗುಂಡಿಗಳನ್ನು ಕೊರಳ ತನಕ ಹಾಕಿಕೊಂಡಿದ್ದರು. ತಲೆಯ ಮೇಲೆ ಬಿಳಿ ಟೋಪಿ ಹಾಗೆಯೇ ಇತ್ತು. ಬೆದರುಗೊಂಬೆಯ ಸುಣ್ಣದ ಮಡಕೆಯನ್ನು ಒಡೆಯದಂತೆ ಬದುವಿನ ಮಗ್ಗುಲಿಗೆ ಬೋರಲು ಹಾಕಿ, ಅದರ ಕಟ್ಟಿಗೆಗಳನ್ನು ಜೋಡಿಸಿ ಇಟ್ಟಿದ್ದರು. ಬಿಚ್ಚಿದ ಯಂತ್ರದ ಭಾಗಗಳನ್ನು ಅವರು ಯಾವಾಗಲೂ ಹಾಗೆಯೇ ಜೋಡಿಸಿ ಇಡುತ್ತಿದ್ದರು. ಕೆರೆಯ ಕೆಸರಲ್ಲಿ ಬಿದ್ದು ಅಂಗಿ ಒದ್ದೆಯಾದಾಗ, ಥಂಡಿಗೆ ಗೊಂಬೆಯ ಅಂಗಿ ತೊಟ್ಟುಕೊಂಡಿದ್ದರು.

ಅಮೃತವ್ವ ದಾರಿಯಲ್ಲಿ ಹೋಗುವ ಒಬ್ಬರನ್ನು ಕೂಗಿ ಊರಿಗೆ ಕಳಿಸಿ, ತಾವು ಅಲ್ಲೇ ಕುಳಿತರಂತೆ. ನಾವು ಹೋದಾಗ ಅವರ ಚಾದರ ಖಾಸಿಂಸಾಬರ ಮೇಲಿತ್ತು. ಅವರು ಬರೀ ಸೀರೆಯಲ್ಲಿ ನಡುಗುತ್ತ, ಒಂದು ಕಡಲೆ ಗಿಡದಿಂದ ನೊಣ ಹೊಡೆಯುತ್ತಿದ್ದರು. ಗಿಡಗಳ ಮೇಲೆ ಹಿಂದಿನ ದಿನ ಕಂಡ ಬಿಳಿ ಬಟ್ಟೆ ಆಗ ಇರಲಿಲ್ಲ. ಸಾಯಿಮಾಳಿಗೆ ಅವರು ಹೇಳಿದ್ದು ಇಷ್ಟೇ: “ಅವರನ್ನ ಒಬ್ಬರನ್ನ ಬಿಟ್ಟು ಹೋಗಿಲ್ಲವ್ವಾ ನಾನು. ನೋಡಿದಾಗಿಂದ ಇಲ್ಲೇ ಅದೀನಿ.”

ಬೀರಲಿಂಗಪ್ಪ ಮಡಕೆಯನ್ನು ನೋಡಿದರು, ಕಟ್ಟಿಗೆಗಳನ್ನು ನೋಡಿದರು, ಅಂಗಿಯನ್ನು ನೋಡಿದರು. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಬದುವಿನ ಮೇಲೆ ಕುಳಿತರು. ಯಾರು ಕರೆದರೂ ಏಳಲಿಲ್ಲ.

ಜೀವ ಹೋದದ್ದು ಹಿಂದಿನ ರಾತ್ರಿ ಎಂದು ಡಾಕ್ಟರು ಹೇಳಿದರು. ಥಂಡಿ, ನೀರಡಿಕೆ, ವಯಸ್ಸು. ಅಂದರೆ ಹಿಂದಿನ ಬೆಳಿಗ್ಗೆ, ನಾನು ಸೆರಗಿನ ನೆರಳು ಹಿಡಿದು ನಿಂತಿದ್ದಾಗ, ಅವರು ಬದುಕಿದ್ದರು. ಎಲ್ಲಿದ್ದರು ಎಂಬುದನ್ನು ಆ ದಿನ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಬೆಟಗೇರಿಯಲ್ಲಿ ಮಣ್ಣಾಯಿತು. ನೇಕಾರರು ಆ ದಿನ ಮಗ್ಗ ನಿಲ್ಲಿಸಿದರು. ಓಣಿ ಅಷ್ಟು ಸುಮ್ಮನಿದ್ದದ್ದನ್ನು ನಾನು ಕೇಳಿರಲಿಲ್ಲ.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಸಮೀವುಲ್ಲಾ ನನ್ನನ್ನು ಮುಂಗೋಣೆಗೆ ಕರೆದ. ಸಾಯಿಮಾ ತವರಿನವರ ಜೊತೆ ಮನೆಯಲ್ಲಿದ್ದಳು. “ಅಕ್ಕೋರ, ಇದನ್ನ ನೀವ ನೋಡ್ರಿ. ಅಕಿಗೆ ತೋರ್ಸಾಕ ನನಗ ಆಗವಲ್ತು,” ಎಂದ.

ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಕಡಲೆ ಹೊಲ ನಿಂತಿತ್ತು. ಬಿಳಿ ಬಟ್ಟೆ ಈಗ ಸ್ಪಷ್ಟವಾಗಿ ಅಂಗಿಯಾಗಿತ್ತು. ತೋಳುಗಳನ್ನು ಬಿಡಿಸಿ, ಮಡಿಕೆಯಿಲ್ಲದಂತೆ ಗಿಡಗಳ ಮೇಲೆ ಒಣಹಾಕಿದ್ದರು. ಕೆಂಪು ಅಂಗಿಯ ಆಕಾರ ಕೈ ಚಾಚಿ ನಿಂತೇ ಇತ್ತು, ಸ್ವಲ್ಪವೂ ಅಲುಗದೆ. ಡ್ರೋನ್ ಎಷ್ಟು ಹೊತ್ತು ಮೇಲಿತ್ತೋ ಅಷ್ಟು ಹೊತ್ತೂ ಅಲುಗಲಿಲ್ಲ. ಆಮೇಲೆ ಹೊಲ ಸರಿಯತೊಡಗಿತು. ಡ್ರೋನ್ ಗುಡ್ಡದ ಕಡೆ ತಿರುಗಿತು. ಚೌಕಟ್ಟಿನ ಅಂಚಿನಲ್ಲಿ ಆ ಎರಡು ಕೈಗಳು ಮೆಲ್ಲಗೆ ಕೆಳಗಿಳಿದವು. ಆಕಾರ ಡ್ರೋನಿನ ಹಿಂದೆ ಒಂದೆರಡು ಹೆಜ್ಜೆ ಇಟ್ಟು, ನಿಂತು, ಚಿತ್ರದಿಂದ ಆಚೆಗಾಯಿತು.

“ದಿನಾ ಸಂಜಿಕ ಇದ ಪಿಚ್ಚರ್ ನೋಡ್ತಿದ್ದೆನ್ರಿ ನಾನು,” ಎಂದ ಸಮೀವುಲ್ಲಾ. “ಇದ ಕೈ, ಇದ ಟೋಪಿ. ನಾನ ಹೇಳಿದ್ದೆ ಅಲುಗಾಡಬ್ಯಾಡ್ರಿ ಅಂತ.”

ನಾನು ಎದ್ದು ಅವನ ಮಗ್ಗುಲಿಗೆ ಹೋದೆ. ಪರದೆಯನ್ನು ಆರಿಸಿದೆ. ಮೇಜಿನ ಮೇಲೆ ಕೊರಿಯರಿನಲ್ಲಿ ಬಂದ ಸಣ್ಣ ಡಬ್ಬಿ ಬಿಚ್ಚದೆ ಬಿದ್ದಿತ್ತು. ಕ್ಯಾಮೆರಾ ಎದುರಿಗೆ ನೋಡುವಂತೆ ಮಾಡುವ ಮೋಟಾರು ಅದು.

ಅದೇ ವಾರ ಬೀರಲಿಂಗಪ್ಪ, ಅಮೃತವ್ವ ಅಂಗಡಿಗೆ ಬಂದರು. ಬೀರಲಿಂಗಪ್ಪ ಇಳಿದುಹೋಗಿದ್ದರು, ಗಡ್ಡ ಬೋಳಿಸಿರಲಿಲ್ಲ. ಊಟ ಬಿಟ್ಟಿದ್ದಾರೆ, ಹೊಲಕ್ಕೆ ಕಾಲಿಡುವುದಿಲ್ಲ ಎಂದು ಅಮೃತವ್ವ ಬಾಗಿಲಲ್ಲೇ ನನ್ನ ಕಿವಿಗೆ ಹೇಳಿದರು. ಅವರು ತಂದ ಚೀಲದಲ್ಲಿ ಒಂದು ಹೊರೆ ಹಸಿ ಕಡಲೆ, ಅದರ ಕೆಳಗೆ ಮಡಿಚಿದ ಬಿಳಿ ಅಂಗಿ.

“ಜಾಲಿ ಗಿಡದಾಗ ಸಿಕ್ಕಿತ್ತವ್ವಾ. ಒಗದು ತಂದೀನಿ,” ಎಂದು ಅಂಗಿಯನ್ನು ಸಾಯಿಮಾಳ ಕೈಗಿಟ್ಟರು. ಗಂಡನ ಕಡೆ ನೋಡಲಿಲ್ಲ.

ಸಮೀವುಲ್ಲಾ, “ಕುಂಡ್ರಿ ಕಾಕಾ,” ಎಂದು ಕುರ್ಚಿ ಸರಿಸಿದ. ಅದು ಖಾಸಿಂಸಾಬರು ಕೂರುತ್ತಿದ್ದ ಕುರ್ಚಿ. ಬೀರಲಿಂಗಪ್ಪ ಅದರ ಅಂಚಿನಲ್ಲಿ ಕುಳಿತು, ಬಹಳ ಹೊತ್ತು ರುಮಾಲಿನ ಚುಂಗು ಹೊಸೆದರು.

“ತಮ್ಮಾ, ಒಂದ ಮಾತ ಕೇಳಾಕ ಬಂದೀನಿ. ಅವತ್ತ ನಾವ್ ನೋಡಿದಾಗ ಅದು ಗೊಂಬಿನ ಇತ್ತಲ್ಲಾ? ನಿಮ್ಮ ಅಬ್ಬಾ ಆಮ್ಯಾಲೆ ಬಂದಿರಬೇಕು, ಸಂಜಿಕ. ಆಮ್ಯಾಲೆ ಅಂಗಿ ತಗೊಂಡಿರಬೇಕು. ಹೌದಿಲ್ಲೋ? ಅದರ ಪಿಚ್ಚರ್ ನಿನ್ನ ಕಡೆ ಐತಿ. ನೋಡಿದಿಯೇನು?”

ಕಂಪ್ಯೂಟರ್ ಸಮೀವುಲ್ಲಾನ ಬೆನ್ನ ಹಿಂದೆಯೇ ಇತ್ತು. ಇದ್ದದ್ದನ್ನು ಇ‌ದ್ದಹಾಗೆ ಹೇಳುವ ಹುಡುಗ ಅವನು. ಸಾಯಿಮಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವನು ಅವಳನ್ನೊಮ್ಮೆ ನೋಡಿದ.

“ನೋಡೀನ್ರಿ ಕಾಕಾ,” ಎಂದ. “ಗೊಂಬಿನ ಇತ್ರಿ.”

“ಖರೆನ?”

“ಖರೆನ್ರಿ. ದೊಡ್ಡದ ಮಾಡಿ ನೋಡೀನಿ. ಮಡಿಕಿ, ನಿಮ್ಮ ಅಂಗಿ, ಅಷ್ಟ.”

ಬೀರಲಿಂಗಪ್ಪ ಹೆಂಡತಿಯ ಕಡೆ ತಿರುಗಿದರು. “ಮತ್ತ ಗಿಡದ ಮ್ಯಾಲಿನ ಆ ಬಿಳಿ ಅರಬಿ? ಅದು ನಿಂದ ಹೌದಲ್ಲೇ?”

ಅಮೃತವ್ವ ತಲೆ ಎತ್ತಲಿಲ್ಲ. ಚೀಲದಿಂದ ಕಡಲೆ ಗಿಡಗಳನ್ನು ತೆಗೆದು ನೆಲದ ಮೇಲೆ ಹರವುತ್ತಿದ್ದರು. “ಇನ್ಯಾರದು? ಹುಳಿ ಹಿಡ್ಯಾಕ ನಾನ ಹಾಸಿದ್ದೆ. ನಿಮಗ ಎಷ್ಟ ಸಲ ಹೇಳಲಿ?”

ಸಾಯಿಮಾ ತಟ್ಟೆ ಇಟ್ಟು ಅಂಗಿಯನ್ನು ಕೈಗೆತ್ತಿಕೊಂಡಳು. ಮುಖಕ್ಕೆ ಒತ್ತಿಕೊಂಡಳು, ಆಮೇಲೆ ಗಂಡನ ಕೈಗೆ ಕೊಟ್ಟಳು. ಒಗೆದಿದ್ದರೂ ಅದರಿಂದ ಕಡಲೆಯ ಹುಳಿ ವಾಸನೆ ಹೋಗಿರಲಿಲ್ಲ. ನಾನು ಕುಳಿತಲ್ಲಿಗೂ ಬಂತು. ಗಿಡಗಳ ಮೇಲೆ ಇಬ್ಬನಿಯಲ್ಲಿ ನೆನೆದ ಬಟ್ಟೆಗಲ್ಲದೆ, ಜಾಲಿ ಮರದಲ್ಲಿ ತೂಗಿದ ಬಟ್ಟೆಗೆ ಆ ವಾಸನೆ ಬರುವುದಿಲ್ಲ. ಸಮೀವುಲ್ಲಾ ಅಮೃತವ್ವನನ್ನು ನೋಡಿದ. ಅವರೂ ಈಗ ತಲೆ ಎತ್ತಿ ಅವನನ್ನು ನೋಡಿದರು. ಅವನು ಅಂಗಿಯನ್ನು ಮಡಿಚಿ, ಮೊಣಕಾಲ ಮೇಲೆ ಇಟ್ಟುಕೊಂಡು, ಅದರ ಮೇಲೆ ಅಂಗೈ ಊರಿದ.

“ಚಾ ಆರತೈತ್ರಿ ಕಾಕಾ,” ಎಂದ.

ಬೀರಲಿಂಗಪ್ಪ ಚಹಾ ಕುಡಿದರು. ಸಾಯಿಮಾ ಕೊಟ್ಟ ಎರಡು ಬಿಸ್ಕೀಟನ್ನೂ ತಿಂದರು. ಬಟ್ಟಲು ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಡಂಬಳದ ಬಸ್ಸು ಎಷ್ಟೊತ್ತಿಗೆ ಐತಿ ಎಂದು ಕೇಳಿದರು. ಕತ್ತಲಾಗುವುದರೊಳಗೆ ಹೊಲಕ್ಕೊಮ್ಮೆ ಹೋಗಿಬರಬೇಕು, ಚಿಗರಿ ಬರತಾವು ಎಂದರು.